ಕಿರಾತಾರ್ಜುನೀಯದ ಮಂತ್ರಾಲೋಚನೆ: ಭೀಮ ಯುಧಿಷ್ಠಿರರಿಗೆ ಭೇದವೆಲ್ಲಿ?

ಕಿರಾತಾರ್ಜುನೀಯದ ಮೊದಲೆರಡು ಸರ್ಗಗಳಲ್ಲಿ ಬರುವ ಮಂತ್ರಾಲೋಚನೆಯು ಸಂಸ್ಕೃತ ಮಹಾಕಾವ್ಯಗಳ ರಾಜನೀತಿಪ್ರಕರಣಗಳಿಗೆಲ್ಲ ಮೇಲ್ಪಂಕ್ತಿಯೆನಿಸಿದೆ. ತಲೆತಲಾಂತರಗಳಿಂದ ಪಾಠಕ್ಕೆ ಬಂದಿರುವ ಭಾಗವಾದುದರಿಂದ ಇದಕ್ಕೊಂದು ರೂಢಿಯ ಅರ್ಥವೂ ನೆಲೆಗೊಂಡಿದೆ. ದ್ರೌಪದೀ ಭೀಮಸೇನರದು ಕೋಪದ ಪಕ್ಷ, ಯುಧಿಷ್ಠಿರನದು ಕ್ಷಮೆಯ ಪಕ್ಷ. ಅವರು ಪೌರುಷವನ್ನು ಹಿಡಿದವರು, ಇವನು ಧರ್ಮವನ್ನು ಹಿಡಿದವನು ಎಂದು ಉಪಾಧ್ಯಾಯರು ಹೇಳುತ್ತಾರೆ, ವಿದ್ಯಾರ್ಥಿಗಳು ಬರೆಯುತ್ತಾರೆ. ಇದರ ಮೇಲೆ ಯಾರ ಪಕ್ಷ ಹೆಚ್ಚಿನದೆಂಬ ಚರ್ಚೆ ಬೆಳೆಯುತ್ತದೆ. ಯುಧಿಷ್ಠಿರನನ್ನು ಮೆಚ್ಚುವವರು ಅವನನ್ನು ಶಾಂತಿಯ ಮೂರ್ತಿಯೆಂದು ಕೊಂಡಾಡುವರು. ಮೆಚ್ಚದವರು ಹೇಡಿಯೆನ್ನಲು ನಾಲಗೆ ಬಾರದೆ ಸಾಧುವೆನ್ನುವರು. ಆದರೆ ಈ ಎರಡು ಬಗೆಯ ಓದುಗರೂ ಒಂದು ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ: ಈ ವಾದಿಗಳಲ್ಲಿ ಒಬ್ಬರು ಹೇಳಿದುದನ್ನು ಮತ್ತೊಬ್ಬರು ಯಾವ ಸ್ಥಳದಲ್ಲಿ ಅಲ್ಲವೆನ್ನುತ್ತಾರೆ?

ಇಬ್ಬರು ಎದುರುಬದುರಾಗಿ ನಿಂತು ಬೇರೆ ಬೇರೆ ಮಾತುಗಳನ್ನಾಡಿದ ಮಾತ್ರಕ್ಕೆ, ಭೇದವು ಅವರ ದನಿಯೇರಿದ ಕಡೆಯಲ್ಲಿಯೇ ಇರುವುದೆಂದು ಹೇಳಲಾಗದು. ಅರ್ಥಗೌರವಕ್ಕೆ ಹೆಸರಾದ ಭಾರವಿಯ ವಿಷಯದಲ್ಲಿ ಇದನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು. ಈ ಕವಿಯ ಪರಿಚಯ ಕನ್ನಡ ನಾಡಿಗೆ ಹಳೆಯದು. ಶಕ ೫೫೬ರ, ಎಂದರೆ ಕ್ರಿ.ಶ. ೬೩೪ರ ಸುಮಾರಿನ, ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಭಾರವಿಯ ಹೆಸರನ್ನೆತ್ತಿದ್ದಾನೆ. ಗಂಗರ ದುರ್ವಿನೀತನು ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆಯನ್ನು ರಚಿಸಿದನೆಂದು ಆ ವಂಶದ ತಾಮ್ರಶಾಸನಗಳು ಹೇಳುತ್ತವೆ. ಆ ಟೀಕೆ ಈಗ ದೊರೆಯುವುದಿಲ್ಲ. ಚಿತ್ರಬಂಧಗಳಿಂದ ಕಠಿನವಾದ ಆ ಸರ್ಗವು ಪಾಂಡಿತ್ಯಕ್ಕೆ ಒರೆಗಲ್ಲು, ನಿಜ. ಆದರೆ ರಾಜ್ಯಭಾರದ ಸುಖದುಃಖಗಳನ್ನು ಬಲ್ಲ ಅರಸನೊಬ್ಬನು ಎರಡನೆಯ ಸರ್ಗಕ್ಕೆ ನಾಲ್ಕು ಮಾತು ಬರೆದಿದ್ದರೆ ಓದುಗರಿಗೆ ಇನ್ನೂ ಹೆಚ್ಚಿನ ಉಪಕಾರವಾಗುತ್ತಿತ್ತು.

ಮೊದಲು ಸಂದರ್ಭ. ದ್ವೈತವನದಲ್ಲಿ ಕುಳಿತಿರುವ ಯುಧಿಷ್ಠಿರನು ಒಬ್ಬ ಬೇಡನಿಗೆ ಬ್ರಹ್ಮಚಾರಿಯ ವೇಷ ತೊಡಿಸಿ ಕುರುರಾಜ್ಯಕ್ಕೆ ಕಳುಹಿಸಿದ್ದಾನೆ. ಅವನು ತಿಳಿದು ಬರಬೇಕಾಗಿದ್ದುದು ದುರ್ಯೋಧನನ ಸೇನೆಯ ಲೆಕ್ಕವಲ್ಲ, ಪ್ರಜೆಗಳ ವಿಷಯದಲ್ಲಿ ಅವನ ನಡತೆ. ಕಾವ್ಯದ ಮೊದಲ ಪದ್ಯದಲ್ಲಿಯೇ ಕವಿಯು ಇದನ್ನು ಹೇಳಿಬಿಡುತ್ತಾನೆ. ಓದುಗರು ಸಾಮಾನ್ಯವಾಗಿ ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಹಿಂದಿರುಗಿದ ಬೇಡನು ತರುವ ಸುದ್ದಿ ಕೇಳುವವರಿಗೆ ಹಿತವಾದುದಲ್ಲ. ದುರ್ಯೋಧನನು ಚೆನ್ನಾಗಿ ಆಳುತ್ತಿದ್ದಾನೆ. ಅರಿಷಡ್ವರ್ಗವನ್ನು ಗೆದ್ದು, ಹಗಲಿರುಳುಗಳನ್ನು ಕಾರ್ಯಗಳಿಗೆ ಹಂಚಿಕೊಟ್ಟು, ಆಳುಗಳನ್ನು ಗೆಳೆಯರಂತೆಯೂ ಗೆಳೆಯರನ್ನು ನಂಟರಂತೆಯೂ ಕಾಣುತ್ತಿದ್ದಾನೆ. ದಂಡನೆಯಲ್ಲಿ ಮಗನೆಂದೂ ಹಗೆಯೆಂದೂ ಭೇದ ಮಾಡುವುದಿಲ್ಲ. ಮಳೆಯನ್ನೇ ನಂಬದೆ ಬೆಳೆ ಬೆಳೆಯುವಂತೆ ಕುರುಭೂಮಿಗೆ ನೀರಿನ ಅನುಕೂಲವಾಗಿದೆ. ಯೋಧರು ಸಂಬಳದಿಂದಲೂ ಮನ್ನಣೆಯಿಂದಲೂ ತೃಪ್ತರಾಗಿ ಅವನಿಗಾಗಿ ಪ್ರಾಣ ಕೊಡಲು ಸಿದ್ಧರಾಗಿದ್ದಾರೆ. ಅವನು ಬಿಲ್ಲನ್ನೆತ್ತಬೇಕಾಗಿಲ್ಲ, ಹುಬ್ಬು ಗಂಟಿಕ್ಕಬೇಕಾಗಿಲ್ಲ. ಅರಸರು ಅವನ ಆಜ್ಞೆಯನ್ನು ಹೂಮಾಲೆಯಂತೆ ತಲೆಯಲ್ಲಿ ಧರಿಸುತ್ತಾರೆ.

ಈ ವರದಿಯ ಹೃದಯವು ಒಂದೇ ಮಾತಿನಲ್ಲಿದೆ. ಜೂಜಿನ ಮೋಸದಿಂದ ಗೆದ್ದ ಭೂಮಿಯನ್ನು ಈಗ ದುರ್ಯೋಧನನು ನೀತಿಯಿಂದ ಗೆಲ್ಲಲು ಯತ್ನಿಸುತ್ತಿದ್ದಾನೆಂಬುದೇ ಆ ಮಾತು. ಗೆದ್ದದ್ದನ್ನು ಮತ್ತೆ ಗೆಲ್ಲುವುದೆಂದರೇನು? ಮೊದಲನೆಯ ಗೆಲವು ರಾಜ್ಯವನ್ನು ಕೊಟ್ಟಿತು, ರಾಜ್ಯದ ಮೇಲಿನ ಹಕ್ಕನ್ನು ಕೊಡಲಿಲ್ಲ. ಆ ಕೊರತೆಯನ್ನು ಸುಶಾಸನದಿಂದ ತುಂಬಿಕೊಳ್ಳಬಹುದೆಂದು ಅವನ ಎಣಿಕೆ. ಹದಿಮೂರು ವರ್ಷಗಳ ಕಾಲ ಹೊಟ್ಟೆ ತುಂಬ ಉಂಡು ನ್ಯಾಯ ಪಡೆದ ಪ್ರಜೆಗಳು, ಅವಧಿ ಮುಗಿದ ದಿನ, ಕಾಡಿನಿಂದ ಬಂದ ಹಳೆಯ ಅರಸನನ್ನು ಯಾತಕ್ಕಾಗಿ ಬಯಸಬೇಕು? ಆದರೆ ಬೇಡನು ಇದರ ಜೊತೆಯಲ್ಲಿಯೇ ಇನ್ನೆರಡು ಸಂಗತಿಗಳನ್ನು ಸೇರಿಸುತ್ತಾನೆ. ದುರ್ಯೋಧನನ ಈ ಸದ್ಗುಣಗಳೆಲ್ಲ ಪಾಂಡವರನ್ನು ಮೀರಿಸಬೇಕೆಂಬ ಹಟದಿಂದಲೂ ಅವರ ಮೇಲಿನ ಭಯದಿಂದಲೂ ಹುಟ್ಟಿದವು, ಸ್ವಭಾವದಲ್ಲಿ ಅವನು ಇಂದಿಗೂ ವಕ್ರನೇ. ಮಾತಿನ ನಡುವೆ ಯುಧಿಷ್ಠಿರನ ಹೆಸರು ಬಂದರೆ ಮಂತ್ರ ಕೇಳಿದ ಹಾವಿನಂತೆ ತಲೆ ತಗ್ಗಿಸುತ್ತಾನೆ. ಹೀಗೆ ವರದಿಗೆ ಎರಡು ಮುಖಗಳಿವೆ: ಕಣ್ಣಿಗೆ ಕಾಣುವ ನಡತೆ ಒಂದು, ಅದರ ಹಿಂದಿನ ಸ್ವಭಾವ ಇನ್ನೊಂದು. ಮುಂದಿನ ವಾದವೆಲ್ಲ ಈ ಎರಡು ಮುಖಗಳಿಂದ ಹೊರಡುತ್ತದೆ.

ದ್ರೌಪದಿಯ ಮಾತು ವರದಿಯನ್ನು ಕೇಳಿದ ಕೂಡಲೇ ಉಕ್ಕಿಬಂದುದು. ಹೊರಗಿನ ಪೆಟ್ಟಿನ ದೃಷ್ಟಿಯಿಂದ ನೋಡಿದರೆ ಇಡೀ ಪ್ರಕರಣದಲ್ಲಿ ಇದಕ್ಕೆ ಸಮಾನವಾದ ಭಾಗವಿಲ್ಲ. ಕೆಂಪು ಚಂದನವನ್ನು ಪೂಸಿಕೊಳ್ಳುತ್ತಿದ್ದ ಭೀಮನು ಧೂಳು ಮೆತ್ತಿಕೊಂಡು ಬೆಟ್ಟಗಳಲ್ಲಿ ನಡೆಯುತ್ತಿದ್ದಾನೆ. ಉತ್ತರಕುರುಗಳನ್ನು ಗೆದ್ದು ಹೊನ್ನು ತಂದವನು ಈಗ ನಾರುಬಟ್ಟೆಯನ್ನು ತರುತ್ತಿದ್ದಾನೆ. ವಂದಿಗಳ ಸ್ತುತಿಯಿಂದ ಏಳುತ್ತಿದ್ದ ಅರಸನನ್ನು ಈಗ ನರಿಗಳ ಕೂಗು ಎಬ್ಬಿಸುತ್ತದೆ. ಇವೆಲ್ಲವನ್ನೂ ಆಕೆ ಯುಧಿಷ್ಠಿರನ ಕಣ್ಣ ಮುಂದಿಡುತ್ತಾಳೆ. ಶಮದಿಂದ ಸಿದ್ಧಿ ಪಡೆಯುವವರು ಮುನಿಗಳು, ಅರಸರಲ್ಲ. ಕ್ಷಮೆಯೇ ಸಾಧನವೆಂದಿದ್ದರೆ ಬಿಲ್ಲನ್ನು ಎಸೆದು ಜಡೆ ಕಟ್ಟಿಕೊಂಡು ಅಗ್ನಿಯಲ್ಲಿ ಹೋಮ ಮಾಡುತ್ತಿರು ಎಂದೂ ಹೇಳುತ್ತಾಳೆ. ಕಪಟಿಗಳಾದ ಹಗೆಗಳೊಡನೆ ಒಪ್ಪಂದವನ್ನು ಕಾಯುವುದು ಯುಕ್ತವಲ್ಲವೆಂಬುದು ಅವಳ ಕೊನೆಯ ಮಾತು: ಗೆಲವನ್ನು ಬಯಸುವ ಅರಸರು ಏನಾದರೊಂದು ನೆವದಿಂದ ಸಂಧಿಯನ್ನು ಕೆಡಿಸುವರು. ಇಲ್ಲಿ ಕವಿಯ ಕೌಶಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಇಷ್ಟು. ಯುಧಿಷ್ಠಿರನು ಕಾಯುತ್ತಿರುವುದು ಮುನಿಯ ಶಾಂತಿಯಿಂದ ಎಂದು ದ್ರೌಪದಿ ಊಹಿಸಿಕೊಂಡಿದ್ದಾಳೆ. ಯುಧಿಷ್ಠಿರನು ಇನ್ನೂ ಬಾಯಿ ತೆರೆದಿಲ್ಲ. ಅವನು ಹೇಳದಿರುವ ಕಾರಣವನ್ನು ಅವನ ಮೇಲೆ ಹೊರಿಸಿ ಅದನ್ನು ಖಂಡಿಸಿದಂತಾಯಿತು.

ಭೀಮಸೇನನ ಮಾತು ಬೇರೆಯ ಜಾತಿಯದು. ಸಿಂಹ, ಬೆಂಕಿ, ಬೂದಿ ಎಂಬ ಉಪಮಾನಗಳ ಸದ್ದಿನಲ್ಲಿ ಅವನ ಶಾಸ್ತ್ರಜ್ಞಾನವು ಓದುಗರಿಗೆ ಕಾಣದೆ ಹೋಗುತ್ತದೆ. ಆದರೆ ಭಾಷಣದ ಮೊದಲ ಭಾಗದಲ್ಲಿಯೇ, ಒಂದರ ಮುಂದೊಂದಾಗಿ ನಿಂತ ಎರಡು ಪದ್ಯಗಳಲ್ಲಿ, ಅವನು ಇಡೀ ವಿವಾದಕ್ಕೆ ಅಳತೆಗೋಲನ್ನು ಕೊಟ್ಟುಬಿಡುತ್ತಾನೆ. ಹಗೆಯ ಏಳಿಗೆ ಎಷ್ಟು ದೊಡ್ಡದಾದರೂ ಅದರ ಕೊನೆ ಕೆಟ್ಟದಾಗುವಂತಿದ್ದರೆ ಬುದ್ಧಿವಂತನು ಅದನ್ನು ಸಹಿಸಬಹುದು. ಹಗೆಯ ಇಳಿತವಾದರೋ, ಎಷ್ಟು ದೊಡ್ಡದಾಗಿದ್ದರೂ, ಮುಂದೆ ಏಳಿಗೆಗೆ ತಿರುಗುವಂತಿದ್ದರೆ ಸಹಿಸತಕ್ಕದ್ದಲ್ಲ. ಇದು ಮೊದಲನೆಯ ಪದ್ಯದ ತಾತ್ಪರ್ಯ. ಎರಡನೆಯದು ಇನ್ನೂ ಖಚಿತವಾಗಿದೆ: ಹಗೆಯ ಕ್ಷಯವು ಬೇಗನೆ ಬರುವುದಾಗಿಯೂ ಹೆಚ್ಚಾಗಿಯೂ ಇದ್ದು ತನ್ನ ಕ್ಷಯವು ಇದಕ್ಕೆ ವಿಪರೀತವಾಗಿದ್ದರೆ ಜಾಣನು ಉಪೇಕ್ಷಿಸುತ್ತಾನೆ, ಹಾಗಲ್ಲದಿದ್ದರೆ ಪ್ರತೀಕಾರ ಮಾಡುತ್ತಾನೆ.

ಇದು ಕೋಪದ ಮಾತಲ್ಲ, ಲೆಕ್ಕದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಕ್ಷಯ, ಸ್ಥಾನ, ವೃದ್ಧಿಗಳನ್ನು ವಿಚಾರಿಸುವಲ್ಲಿ ಇದೇ ನಿಯಮವಿದೆ. ತನ್ನ ವೃದ್ಧಿಯು ಶೀಘ್ರವಾದುದು, ಅಧಿಕವಾದುದು, ಹಗೆಯದು ಹಾಗಲ್ಲ ಎಂದು ತಿಳಿದಾಗ ಹಗೆಯ ವೃದ್ಧಿಯನ್ನು ಉಪೇಕ್ಷಿಸಬೇಕೆಂದು ಅಲ್ಲಿ ಹೇಳಿದೆ. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಆ ಗ್ರಂಥವನ್ನು ಅಚ್ಚಿಗೆ ತಂದ ಮೇಲೆ ಈ ಹೋಲಿಕೆಯನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದಾಗಿದೆ. ಭೀಮನಿಗೆ ಗದೆಯೇ ಶಾಸ್ತ್ರವೆಂಬ ನಂಬಿಕೆಯುಳ್ಳವರು ಈ ಎರಡು ಪದ್ಯಗಳನ್ನು ಇನ್ನೊಮ್ಮೆ ಓದಬೇಕು. ಕಾಯುವುದು ತಪ್ಪೆಂದು ಅವನು ಎಲ್ಲಿಯೂ ಹೇಳಿಲ್ಲ. ಕಾಯುವುದು ಯಾವಾಗ ಸರಿ ಎಂಬುದಕ್ಕೆ ಷರತ್ತನ್ನು ಹೇಳಿ, ಆ ಷರತ್ತು ಇಲ್ಲಿ ನೆರವೇರಿಲ್ಲವೆಂದು ಮಾತ್ರ ಹೇಳುತ್ತಾನೆ.

ಇನ್ನು ಯುಧಿಷ್ಠಿರನ ಉತ್ತರ. ಕವಿಯು ಇದನ್ನು ಆರಂಭಿಸುವಾಗ ಮದವೇರಿದ ಆನೆಯನ್ನು ಸಂತೈಸುವವನಿಗೆ ಅರಸನನ್ನು ಹೋಲಿಸುತ್ತಾನೆ. ರೂಢಿಯ ಅರ್ಥಕ್ಕೆ ಈ ಹೋಲಿಕೆಯೇ ಬಹುಮಟ್ಟಿಗೆ ಕಾರಣವಾಗಿರಬೇಕು. ಆದರೆ ಅರಸನ ಮೊದಲ ಮಾತುಗಳನ್ನು ನೋಡಿದರೆ ಅವು ಆನೆಗೆ ಹೇಳಿದ ಮಾತುಗಳಲ್ಲ. ಭೀಮನ ವಚನದಲ್ಲಿ ಸ್ಫುಟತೆಯಿದೆ, ಅರ್ಥದ ಗೌರವವಿದೆ, ಪುನರುಕ್ತಿಯಿಲ್ಲ. ಯುಕ್ತಿಯನ್ನು ಬಲವಾಗಿ ಹೇಳಿದರೂ ಅದರಿಂದ ಶಾಸ್ತ್ರಕ್ಕೆ ಎಲ್ಲಿಯೂ ಭಂಗ ಬಂದಿಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಇದನ್ನು ಬರಿಯ ಉಪಚಾರವೆಂದು ತಳ್ಳಿಹಾಕಲಾಗದು. ಶಾಸ್ತ್ರಕ್ಕೆ ಭಂಗವಿಲ್ಲವೆಂದರೆ ಭೀಮನು ಹೇಳಿದ ನಿಯಮವು ಸರಿಯೆಂದಂತಾಯಿತು. ಹಾಗಾದರೂ ತನ್ನ ಮನಸ್ಸು ನಿರ್ಣಯದ ಕಡೆಗೇ ಓಡುತ್ತಿದೆ, ತೃಪ್ತಿಯಾಗಲಿಲ್ಲ, ಎಂದು ಅವನು ಮುಂದುವರಿಯುತ್ತಾನೆ.

ಇದರ ಮುಂದಿನ ಸುಮಾರು ಹದಿನಾಲ್ಕು ಪದ್ಯಗಳು ಲೋಕದಲ್ಲಿ ಬಹಳ ಪ್ರಸಿದ್ಧವಾದವು. ದುಡುಕಬಾರದು, ವಿವೇಕದ ನೀರೆರೆದು ಕಾರ್ಯದ ಬೀಜವನ್ನು ಬೆಳೆಸಬೇಕು, ಸೂರ್ಯನು ಕೂಡ ಇರುಳ ಕತ್ತಲನ್ನು ಸೀಳದೆ ಮೂಡಲಾರನು, ಹಾಗೆ ಏಳಬಯಸುವವನು ಮೊದಲು ರೋಷದ ಕತ್ತಲನ್ನು ಕಳೆಯಬೇಕು, ಎಂಬಿವೇ ಮೊದಲಾದ ಸೂಕ್ತಿಗಳು ಇಲ್ಲಿ ಬರುತ್ತವೆ. ಮೊದಲನೆಯದನ್ನು ಕುರಿತು ಹುಟ್ಟಿದ ಕಥೆಗಳೂ ಉಂಟು. ಸಂಸ್ಕೃತವನ್ನು ಓದದವರ ಬಾಯಲ್ಲಿಯೂ ಅದು ಇದೆ. ಆದರೆ ವಾದದ ದೃಷ್ಟಿಯಿಂದ ಈ ಪದ್ಯಗಳಿಂದ ಏನೂ ತೀರ್ಮಾನವಾಗುವುದಿಲ್ಲವೆಂದು ಹೇಳದೆ ವಿಧಿಯಿಲ್ಲ. ದುಡುಕಬೇಕೆಂದು ಭೀಮನು ಹೇಳಿರಲಿಲ್ಲ. ಕೋಪವು ಕುರುಡೆಂಬುದನ್ನು ಅವನು ಅಲ್ಲಗಳೆದಿರಲಿಲ್ಲ. ದ್ರೌಪದಿಯು ಯುಧಿಷ್ಠಿರನ ಮೇಲೆ ಮುನಿಯ ಶಾಂತಿಯನ್ನು ಹೊರಿಸಿದ್ದಂತೆಯೇ ಯುಧಿಷ್ಠಿರನು ಭೀಮನ ಮೇಲೆ ಕುರುಡುಕೋಪವನ್ನು ಹೊರಿಸುತ್ತಾನೆ. ಕಾವ್ಯದಲ್ಲಿ ಎಲ್ಲರೂ ಉದಾಹರಿಸುವ ಭಾಗವೂ ವಿವಾದವು ನಿಂತಿರುವ ಭಾಗವೂ ಬೇರೆ ಬೇರೆಯಾದುದು ವಿಚಿತ್ರ. ರೂಢಿಯ ಅರ್ಥವು ಬೆಳೆದದ್ದು ಉದಾಹರಣೆಗೆ ಬರುವ ಭಾಗದಿಂದ.

ನಿಜವಾದ ಉತ್ತರವು ಕೊನೆಯ ಹತ್ತು ಪದ್ಯಗಳಲ್ಲಿದೆ. ಅದು ವೃಷ್ಣಿಗಳ ಹೆಸರಿನಿಂದ ಆರಂಭವಾಗುತ್ತದೆ. ಸಹಜಸ್ನೇಹದಿಂದ ಪಾಂಡವರಿಗೆ ಕಟ್ಟುಬಿದ್ದಿರುವ, ಮಾನಿಗಳಲ್ಲಿ ಮೊದಲಿಗರಾದ ಯಾದವರು ಎಂದೆಂದಿಗೂ ದುರ್ಯೋಧನನಿಗೆ ತಲೆಬಾಗುವವರಲ್ಲ. ಅವರ ಮಾತನ್ನು ಮೀರದ ಉಳಿದ ಅರಸರು ವಿನಯವನ್ನು ನಟಿಸುತ್ತ ತಮ್ಮ ಕಾರ್ಯಸಾಧನೆಗಾಗಿ ಕಾಲ ಕಳೆಯುತ್ತಿದ್ದಾರೆ. ಅವಧಿಯ ಕಟ್ಟು ಇನ್ನೂ ಇರುವಾಗ ಏರಿಹೋದರೆ ಈ ಅರಸರ ಕೂಟವು ಒಡೆಯುವುದು. ಬೇಡನ ವರದಿಗೆ ನೇರವಾದ ಉತ್ತರ ಇದಾದ ಮೇಲೆ ಬರುತ್ತದೆ. ಕಾರ್ಯವಿನ್ನೂ ಪೂರೈಸದ ಅಹಂಕಾರಿಗಳಲ್ಲಿ ಮದದ ವೇಗವನ್ನು ಒಂದಿಷ್ಟು ವಿನಯವು ತಡೆದಿರಬಹುದು. ಐಶ್ವರ್ಯವು ಆ ಮದವನ್ನು ಮತ್ತೆ ಎಬ್ಬಿಸದೆ ಬಿಡದು. ಮದದಿಂದ ಮೌಢ್ಯ, ಮೌಢ್ಯದಿಂದ ನೀತಿಭ್ರಂಶ, ನೀತಿಗೆಟ್ಟವನಲ್ಲಿ ಜನಕ್ಕೆ ವಿರಕ್ತಿ. ಜನರ ವಿರಕ್ತಿಯ ಗಾಳಿಯಿಂದ ಬೇರು ಸಡಿಲಿದ ಮರದಂತೆ ದೊಡ್ಡ ಹಗೆಯನ್ನೂ ಸುಲಭವಾಗಿ ಕೀಳಬಹುದು. ಆದುದರಿಂದ ವಿನಯಗೆಟ್ಟ ಹಗೆಯ ಏಳಿಗೆಯನ್ನು ಬುದ್ಧಿವಂತನು ಉಪೇಕ್ಷಿಸಬೇಕು. ಅವನ ಸಂಪತ್ತಿನ ಕೊನೆ ವಿಪತ್ತು.

ಭೀಮನ ಎರಡು ಪದ್ಯಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಂಗತಿ ಬಯಲಾಗುತ್ತದೆ. ಕೊನೆ ಕೆಟ್ಟದಾಗುವ ಏಳಿಗೆಯನ್ನು ಸಹಿಸಬಹುದೆಂದು ಭೀಮನು ಹೇಳಿದನು. ವಿಪತ್ತಿನಲ್ಲಿ ಕೊನೆಗೊಳ್ಳುವ ಏಳಿಗೆಯನ್ನು ಉಪೇಕ್ಷಿಸಬೇಕೆಂದು ಯುಧಿಷ್ಠಿರನು ಹೇಳುತ್ತಾನೆ. ಕೌಟಿಲ್ಯನ ಉಪೇಕ್ಷೆಯೆಂಬ ಪರಿಭಾಷೆಯು ಇಬ್ಬರ ಬಾಯಲ್ಲಿಯೂ ಬಂದಿದೆ. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವ್ಯಾಪ್ತಿಯಲ್ಲಿ ವಿವಾದವೇ ಇಲ್ಲ, ವಿವಾದವಿರುವುದು ಪಕ್ಷಧರ್ಮತೆಯಲ್ಲಿ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬುದು ಇಬ್ಬರಿಗೂ ಸಮ್ಮತ; ಈ ಬೆಟ್ಟದಲ್ಲಿ ಕಾಣುತ್ತಿರುವುದು ಹೊಗೆಯೋ ಮಂಜೋ ಎಂಬುದೇ ಪ್ರಶ್ನೆ. ಕಾಲವು ದುರ್ಯೋಧನನ ಬೇರನ್ನು ಗಟ್ಟಿಮಾಡುತ್ತದೆಯೋ ಸಡಿಲಿಸುತ್ತದೆಯೋ? ಭೇದವೆಲ್ಲ ಇಷ್ಟರಲ್ಲಿದೆ. ಕೋಪ ಶಾಂತಿಗಳಾಗಲಿ ಕ್ಷಾತ್ರ ಧರ್ಮಗಳಾಗಲಿ ಇಲ್ಲಿ ಎದುರುಬದುರಾಗಿ ನಿಂತಿಲ್ಲ.

ಈ ಪ್ರಶ್ನೆಗೆ ಸಾಕ್ಷ್ಯವೇನು? ಬೇಡನ ವರದಿಯೊಂದೇ. ಅದರ ಎರಡು ಮುಖಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು ಹಿಡಿದುಕೊಂಡಿದ್ದಾರೆ. ದ್ರೌಪದೀ ಭೀಮರು ನಡತೆಯನ್ನು ನೋಡುತ್ತಾರೆ: ಹೊಲಕ್ಕೆ ನೀರು ಬಂದಿದೆ, ಆಳಿಗೆ ಸಂಬಳ ಸಂದಿದೆ, ಅರಸರು ತಲೆಬಾಗಿದ್ದಾರೆ, ಕಳೆದ ಒಂದೊಂದು ವರ್ಷವೂ ಹಗೆಯ ಬೊಕ್ಕಸಕ್ಕೆ ಸೇರುತ್ತಿದೆ. ಯುಧಿಷ್ಠಿರನು ಸ್ವಭಾವವನ್ನು ನೋಡುತ್ತಾನೆ: ಭಯದಿಂದ ಹುಟ್ಟಿದ ವಿನಯವು ಭಯವಿರುವವರೆಗೆ ಮಾತ್ರ. ವರದಿಯ ಒಂದು ಅಕ್ಷರವನ್ನೂ ಅವನು ಸುಳ್ಳೆನ್ನುವುದಿಲ್ಲ. ಇದು ಇಂದಿನ ಸ್ಥಿತಿ, ನಾಳೆ ಹೀಗಿರದು ಎನ್ನುತ್ತಾನೆ. ಇಲ್ಲಿ ಅವನ ಕಾಯುವಿಕೆಗೆ ಒಂದು ಹೊಸ ಅರ್ಥವೂ ಹುಟ್ಟುತ್ತದೆ. ಪಾಂಡವರ ಭಯವೇ ದುರ್ಯೋಧನನನ್ನು ಒಳ್ಳೆಯ ಅರಸನನ್ನಾಗಿ ಮಾಡಿದೆಯಾದರೆ, ಅವರು ಸುಮ್ಮನಿದ್ದಷ್ಟೂ ಆ ಭಯ ಕಡಿಮೆಯಾಗಬೇಕು. ಭಯ ಕಡಿಮೆಯಾದಷ್ಟೂ ಅವನು ಹಳೆಯ ದುರ್ಯೋಧನನಾಗಬೇಕು. ಯುಧಿಷ್ಠಿರನು ಇಷ್ಟನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ಅವನ ಮಾತು ನಿಲ್ಲಬೇಕಾದರೆ ಇದನ್ನು ಒಪ್ಪಬೇಕು. ಹಾಗೆ ನೋಡಿದರೆ ಅವನ ಕ್ಷಮೆಯು ಮುನಿಯ ಕ್ಷಮೆಯಲ್ಲ. ದ್ರೌಪದಿಯು ತಿಳಿದುಕೊಂಡುದಕ್ಕಿಂತ ಬಹಳ ಕಠಿನವಾದ ಪದಾರ್ಥ.

ಸ್ವಭಾವದ ಆಧಾರವನ್ನು ಭೀಮನೂ ಬಿಟ್ಟವನಲ್ಲವೆಂಬುದು ಇನ್ನೊಂದು ಸ್ವಾರಸ್ಯ. ಅವಧಿಯನ್ನು ಕಾಯುವೆಯಾದರೆ, ಇಷ್ಟು ಕಾಲ ರಾಜ್ಯಸುಖವನ್ನುಂಡ ಆ ವಕ್ರನು ಅದನ್ನು ಸುಲಭವಾಗಿ ಬಿಟ್ಟಾನೆಯೇ ಎಂದು ಕೇಳುತ್ತಾನೆ. ಬಿಟ್ಟನೆಂದೇ ಇಟ್ಟುಕೊಂಡರೂ ಹಗೆಯು ಕೊಟ್ಟ ಪದವಿಯನ್ನು ಪಡೆಯುವುದಾದರೆ ತಮ್ಮಂದಿರ ತೋಳುಗಳೇಕೆ ಎಂದೂ ಸೇರಿಸುತ್ತಾನೆ. ಈ ಎರಡು ಕೊಂಬುಗಳ ತರ್ಕಕ್ಕೆ ಯುಧಿಷ್ಠಿರನು ಉತ್ತರವನ್ನೇ ಕೊಟ್ಟಿಲ್ಲವೆಂದು ಆಕ್ಷೇಪಿಸಬಹುದು. ಉತ್ತರ ಬೇಕಾಗಿರಲಿಲ್ಲ. ದುರ್ಯೋಧನನು ರಾಜ್ಯವನ್ನು ಹಿಂದಕ್ಕೆ ಕೊಡುವನೆಂದು ಯುಧಿಷ್ಠಿರನು ಎಲ್ಲಿಯೂ ಹೇಳಿಲ್ಲ. ಮರವನ್ನು ಬೇರುಸಹಿತ ಕೀಳುವ ಮಾತನ್ನಾಡುವವನು ದಾನವನ್ನು ನಿರೀಕ್ಷಿಸುತ್ತಿಲ್ಲ. ಹಗೆಯು ವಕ್ರನಾದುದರಿಂದ ಬಿಡಲಾರನೆಂದು ಭೀಮನ ಮತ, ಮದಾಂಧನಾದುದರಿಂದ ಹಿಡಿದಿಟ್ಟುಕೊಳ್ಳಲಾರನೆಂದು ಯುಧಿಷ್ಠಿರನ ಮತ. ಇವೆರಡೂ ಒಟ್ಟಿಗೆ ನಿಜವಾಗಬಹುದು.

ವ್ಯಾಸಭಾರತದ ವನಪರ್ವದೊಡನೆ ಹೋಲಿಸಿದರೆ ಭಾರವಿಯು ಮಾಡಿರುವ ಬದಲಾವಣೆಯ ತೂಕ ತಿಳಿಯುತ್ತದೆ. ಅಲ್ಲಿ ಇದೇ ಮೂವರು ದೀರ್ಘವಾಗಿ ವಾದಿಸುತ್ತಾರೆ. ಅಲ್ಲಿಯ ಯುಧಿಷ್ಠಿರನು ಕ್ಷಮೆಯನ್ನು ಕ್ಷಮೆಗಾಗಿಯೇ ಸ್ತುತಿಸುತ್ತಾನೆ. ಸಭೆಯಲ್ಲಿ ಒಪ್ಪಿಕೊಂಡ ಮಾತನ್ನು ಮುರಿಯಲಾರೆನೆಂದು ಸ್ಪಷ್ಟವಾಗಿ ಹೇಳುತ್ತಾನೆ. ಭೀಮನು ಅದಕ್ಕೆ ಪ್ರತಿಯಾಗಿ, ಕಾಡಿನಲ್ಲಿ ಕಳೆದ ಹದಿಮೂರು ತಿಂಗಳುಗಳನ್ನೇ ಹದಿಮೂರು ವರ್ಷಗಳೆಂದು ಎಣಿಸಬಹುದೆನ್ನುವಷ್ಟು ದೂರ ಹೋಗುತ್ತಾನೆ. ಅಲ್ಲಿ ಸತ್ಯವಾಕ್ಯವೇ ಭೇದದ ಸ್ಥಾನ. ರೂಢಿಯ ಅರ್ಥವು ಆ ಪರ್ವಕ್ಕೆ ಬಹುಮಟ್ಟಿಗೆ ಒಪ್ಪುತ್ತದೆ; ಓದುಗರು ಅದನ್ನು ಅಲ್ಲಿಂದ ತಂದು ಕಾವ್ಯಕ್ಕೆ ಅಂಟಿಸಿದ್ದಾರೆಂದು ತೋರುತ್ತದೆ. ಭಾರವಿಯ ಯುಧಿಷ್ಠಿರನು ಪ್ರತಿಜ್ಞೆಯನ್ನು ಪ್ರತಿಜ್ಞೆಯೆಂದು ಒಮ್ಮೆಯೂ ಮುಂದಿಡುವುದಿಲ್ಲ. ಅವಧಿಯ ಮಾತು ಒಂದೇ ಪದ್ಯದಲ್ಲಿ, ಮಿತ್ರರಾಜರ ಸಂಬಂಧದಲ್ಲಿ, ಬರುತ್ತದೆ. ಒಪ್ಪಂದವನ್ನು ಮುರಿದವನ ಬಳಿಯಲ್ಲಿ ಅರಸರು ನಿಲ್ಲರು ಎಂಬಷ್ಟೇ ಅಲ್ಲಿಯ ಅಭಿಪ್ರಾಯ. ನೆವದಿಂದ ಸಂಧಿಯನ್ನು ಕೆಡಿಸೆಂದ ದ್ರೌಪದಿಗೆ ಇದು ಮರೆಯಾಗಿ ಕೊಟ್ಟ ಉತ್ತರವೂ ಹೌದು.

ಇದರಿಂದ ಈ ಯುಧಿಷ್ಠಿರನಿಗೆ ಧರ್ಮದಲ್ಲಿ ಆದರವಿಲ್ಲವೆಂದು ತಿಳಿಯಬೇಕಾಗಿಲ್ಲ. ಒಪ್ಪಂದವನ್ನು ಕಾಯುವುದು ಯುಕ್ತವಲ್ಲವೆಂದು ಹೇಳಿದವರ ಮುಂದೆ ಒಪ್ಪಂದದ ಪಾವಿತ್ರ್ಯವನ್ನು ಹೇಳಿದರೆ ವಾದವು ಅಲ್ಲಿಗೇ ನಿಲ್ಲುತ್ತಿತ್ತು. ಅವರು ಒಪ್ಪುವ ನಾಣ್ಯದಲ್ಲಿಯೇ ಅವನು ಬೆಲೆಯನ್ನು ಎಣಿಸಿ ಕೊಡುತ್ತಾನೆ. ಮಾಘನ ಶಿಶುಪಾಲವಧದ ಎರಡನೆಯ ಸರ್ಗದಲ್ಲಿ ಹೀಗಿಲ್ಲ. ಅಲ್ಲಿ ಕೂಡಲೇ ದಂಡೆತ್ತಬೇಕೆನ್ನುವ ಬಲರಾಮನಿಗೆ ಉದ್ಧವನು ಉತ್ತರ ಕೊಡುವಾಗ, ಶಿಶುಪಾಲನ ನೂರು ಅಪರಾಧಗಳನ್ನು ಸಹಿಸುವೆನೆಂದು ಕೃಷ್ಣನು ಅತ್ತೆಗೆ ಕೊಟ್ಟ ಮಾತನ್ನು ಎತ್ತಿಯೇ ಹೇಳುತ್ತಾನೆ. ಮಾಘನು ಭಾರವಿಯ ಜಾಡಿನಲ್ಲಿ ನಡೆದವನು; ನೀತಿಶಾಸ್ತ್ರದ ಪಾರಿಭಾಷಿಕ ಪದಗಳಲ್ಲಿ ಅವನದು ಒಂದು ಕೈ ಮೇಲೆಯೇ. ಆದರೆ ಆ ಸಭೆಯಲ್ಲಿ ಬಲರಾಮನು ಉತ್ತರಪಕ್ಷಕ್ಕೆ ಸೋಲಲೆಂದೇ ನಿಂತಂತಿದ್ದಾನೆ. ಭಾರವಿಯ ಭೀಮನು ಸೋತವನಲ್ಲ.

ಸೋತವನಲ್ಲವೆನ್ನಲು ಕಾರಣವಿದೆ. ಅವನ ಅಳತೆಗೋಲಿನಲ್ಲಿ ಎರಡು ಭಾಗಗಳಿದ್ದುವು: ಹಗೆಯ ಕ್ಷಯ ಒಂದು, ತನ್ನ ಕ್ಷಯ ಮತ್ತೊಂದು. ಮೊದಲನೆಯದಕ್ಕೆ ಯುಧಿಷ್ಠಿರನು ಹತ್ತು ಪದ್ಯಗಳಲ್ಲಿ ಉತ್ತರ ಕೊಟ್ಟನು. ಎರಡನೆಯದಕ್ಕೆ ಒಂದು ಮಾತನ್ನೂ ಹೇಳಲಿಲ್ಲ. ಕಾಯುವ ಕಾಲದಲ್ಲಿ ಪಾಂಡವರು ಏನಾಗುತ್ತಾರೆ? ಸುಮ್ಮನೆ ಕುಳಿತು ಹಗೆಯ ಶಕ್ತಿ ಬೆಳೆಯುವುದನ್ನು ನೋಡುವ ಅರಸರನ್ನು ಲಕ್ಷ್ಮಿಯು ಬಿಟ್ಟುಹೋಗುವಳೆಂದು ಭೀಮನು ಹೇಳಿದ್ದನು. ದ್ರೌಪದಿಯು ವರ್ಣಿಸಿದ ಧೂಳು, ನಾರುಬಟ್ಟೆ, ನರಿಗಳ ಕೂಗು ಇವೆಲ್ಲ ಆ ಕ್ಷಯದ ಸಾಕ್ಷ್ಯಗಳೇ. ಭಾವೋದ್ರೇಕವೆಂದು ಓದುಗರು ಬದಿಗಿಡುವ ಆ ಪದ್ಯಗಳು ವಾದದಲ್ಲಿ ಬೆಲೆಯುಳ್ಳವು; ಅವುಗಳಿಗೆ ಉತ್ತರ ಬರಲೇ ಇಲ್ಲ. ಮೊದಲನೆಯ ಭಾಗದ ಉತ್ತರವಾದರೂ ಎಷ್ಟರಮಟ್ಟಿಗೆ ಗಟ್ಟಿ? ಕಾವ್ಯವು ಹದಿನೆಂಟನೆಯ ಸರ್ಗದಲ್ಲಿ ಪಾಶುಪತಪ್ರಾಪ್ತಿಯೊಂದಿಗೆ ಮುಗಿಯುವುದರಿಂದ ಯುಧಿಷ್ಠಿರನ ಭವಿಷ್ಯದ ಎಣಿಕೆ ಅದರೊಳಗೆ ಪರೀಕ್ಷೆಗೆ ಬರುವುದಿಲ್ಲ. ಆದರೆ ಭಾರವಿಯ ಓದುಗರೆಲ್ಲ ಮಹಾಭಾರತವನ್ನು ಬಲ್ಲವರು. ಉದ್ಯೋಗಪರ್ವದಲ್ಲಿ ಸೇನೆಗಳು ನೆರೆದಾಗ ಪಾಂಡವರ ಕಡೆಗೆ ಏಳು ಅಕ್ಷೌಹಿಣಿ, ದುರ್ಯೋಧನನ ಕಡೆಗೆ ಹನ್ನೊಂದು. ವೃಷ್ಣಿಗಳ ವಿಷಯದಲ್ಲಿ ಅಷ್ಟು ನಂಬಿಕೆಯಿಂದ ಆಡಿದ ಮಾತೂ ಪೂರ್ತಿಯಾಗಿ ನಿಲ್ಲಲಿಲ್ಲ: ಸಾತ್ಯಕಿಯು ಈ ಕಡೆಗೆ ಬಂದನು, ಕೃತವರ್ಮನು ಆ ಕಡೆಗೆ ಹೋದನು, ಕೃಷ್ಣನ ನಾರಾಯಣಸೇನೆಯು ದುರ್ಯೋಧನನ ಪಾಲಾಯಿತು, ಬಲರಾಮನು ಯಾರ ಕಡೆಗೂ ಇಲ್ಲದೆ ತೀರ್ಥಯಾತ್ರೆಗೆ ಹೊರಟನು. ನಕುಲಸಹದೇವರ ಸೋದರಮಾವನಾದ ಶಲ್ಯನನ್ನು ದುರ್ಯೋಧನನು ದಾರಿಯ ಉಪಚಾರದಿಂದಲೇ ಒಲಿಸಿಕೊಂಡನು. ಬೇಡನು ಹೇಳಿದ ದಾನಸನ್ಮಾನಗಳ ನೀತಿ ಅವನಲ್ಲಿ ಕೊನೆಯವರೆಗೂ ಸತ್ತಿರಲಿಲ್ಲ. ಕೊನೆಯ ಮಾತು ಯುಧಿಷ್ಠಿರನದಾದ ಮಾತ್ರಕ್ಕೆ ಕವಿಯ ಸಿದ್ಧಾಂತವೂ ಅದೇ ಎಂದು ಹೇಳುವವರು ಇದನ್ನು ವಿಚಾರಿಸಬೇಕು.

ಆ ಕೊನೆಯ ಮಾತಿಗೆ ಭೀಮನು ಮರುಮಾತಾಡುವ ಮೊದಲೇ ವ್ಯಾಸನು ಬರುತ್ತಾನೆ. ಮೂರನೆಯ ಸರ್ಗದಲ್ಲಿ ಅವನು ಹೇಳುವುದು ಯಾರ ಪಕ್ಷದ ತೀರ್ಪೂ ಅಲ್ಲ. ಭೂಮಿಯನ್ನು ಪರಾಕ್ರಮದಿಂದಲೇ ಪಡೆಯಬೇಕೆನ್ನುತ್ತಾನೆ. ಇದು ಭೀಮನ ಮಾತು. ಆದರೆ ವೀರ್ಯದಲ್ಲಿಯೂ ಅಸ್ತ್ರಬಲದಲ್ಲಿಯೂ ಹಗೆಯೇ ಹೆಚ್ಚಿನವನು ಎಂದು ಮುಂದುವರಿಸಿ ಭೀಷ್ಮ ದ್ರೋಣ ಕರ್ಣರನ್ನು ನೆನಪಿಸುತ್ತಾನೆ. ವನಪರ್ವದಲ್ಲಿ ಯುಧಿಷ್ಠಿರನೇ ಈ ಹೆಸರುಗಳನ್ನು ಹೇಳಿ ಭೀಮನನ್ನು ಸುಮ್ಮನಿರಿಸುತ್ತಾನೆ. ಭಾರವಿಯು ಅವನ ಬಾಯಿಂದ ಅವನ್ನು ಕಿತ್ತು ವ್ಯಾಸನ ಬಾಯಲ್ಲಿಟ್ಟಿದ್ದಾನೆ. ಇದರ ಪರಿಣಾಮವಾಗಿ ಎರಡನೆಯ ಸರ್ಗದ ವಾದವು ಬೇಕೆಂದೇ ಅಪೂರ್ಣವಾಗಿ ಉಳಿಯುತ್ತದೆ. ಭೀಮನು ತನ್ನ ಪಕ್ಷದ ಬಲವನ್ನು ನಾಲ್ಕು ಸಮುದ್ರಗಳಿಗೂ ನಾಲ್ಕು ದಿಗ್ಗಜಗಳಿಗೂ ಹೋಲಿಸಿ ಮುಗಿಸಿದ್ದನು. ಯುಧಿಷ್ಠಿರನು ಹಗೆಯ ದೌರ್ಬಲ್ಯವನ್ನು ಎಣಿಸಿ ಮುಗಿಸಿದ್ದನು. ತಮ್ಮ ಬಲವು ಇಂದು ಸಾಲದು, ಅದನ್ನು ಬೆಳೆಸಬಹುದು ಎಂಬ ಮೂರನೆಯ ಮಾತು ಇಬ್ಬರಿಗೂ ಹೊಳೆದಿರಲಿಲ್ಲ. ಭೀಮನ ಅಳತೆಗೋಲಿನ ಎರಡನೆಯ ಭಾಗಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. ಕಾಯುವ ಕಾಲವು ಅಸ್ತ್ರಸಂಪಾದನೆಯ ಕಾಲವಾದರೆ ಪಾಂಡವರ ಕಡೆಯದು ಕ್ಷಯವಾಗದೆ ವೃದ್ಧಿಯಾಗುತ್ತದೆ. ಆಗ ಹಗೆಯು ಮದದಿಂದ ಕೆಡುವನೋ ಇಲ್ಲವೋ ಎಂಬ ಊಹೆಯ ಮೇಲೆ ಎಲ್ಲವನ್ನೂ ನಿಲ್ಲಿಸಬೇಕಾಗಿಲ್ಲ.

ವ್ಯಾಸನು ಅರ್ಜುನನಿಗೆ ವಿದ್ಯೆಯನ್ನು ಕೊಟ್ಟು ಇಂದ್ರಕೀಲಕ್ಕೆ ಕಳುಹಿಸುವಾಗ, ಆಯುಧವನ್ನು ಬಿಡದೆ ಮುನಿಗಳ ಜಪೋಪವಾಸಗಳನ್ನು ಆಚರಿಸೆಂದು ವಿಧಿಸುತ್ತಾನೆ. ಕ್ಷಮೆಯೇ ಬೇಕಾದರೆ ಬಿಲ್ಲನ್ನು ಎಸೆದು ಜಡೆ ಕಟ್ಟಿಕೋ ಎಂದು ಮೊದಲನೆಯ ಸರ್ಗದಲ್ಲಿ ಅರಸನನ್ನು ಹಂಗಿಸಿದ್ದ ದ್ರೌಪದಿಯು ಮೂರನೆಯ ಸರ್ಗದ ಕೊನೆಯಲ್ಲಿ ಅರ್ಜುನನನ್ನು ತಪಸ್ಸಿಗೆ ಬೀಳ್ಕೊಡುತ್ತಾಳೆ. ಆಗ ಆಕೆಯ ಮಾತಿನಲ್ಲಿ ಹಿಂದಿನ ಉರಿಯೇ ಇದೆ, ಕಾಯಬಾರದೆಂಬ ಮಾತು ಮಾತ್ರ ಇಲ್ಲ. ಬಿಲ್ಲೋ ಜಡೆಯೋ ಎಂದು ಆಕೆ ಕೇಳಿದ್ದಳು. ಅರ್ಜುನನು ಎರಡನ್ನೂ ಹೊತ್ತುಕೊಂಡು ಹೋಗುತ್ತಾನೆ. ಹನ್ನೊಂದನೆಯ ಸರ್ಗದಲ್ಲಿ ಮುದುಕನ ವೇಷದಿಂದ ಬಂದ ಇಂದ್ರನು ತಪಸ್ವಿಗೆ ಈ ಆಯುಧಗಳೇಕೆಂದು ದ್ರೌಪದಿಯ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಾನೆ. ತಾನು ಮೋಕ್ಷಕ್ಕಾಗಿ ಬಂದವನಲ್ಲ, ಅಣ್ಣನ ಆಜ್ಞೆಯಲ್ಲಿರುವವನು, ಹಗೆಯು ಮಾಡಿದ ಅವಮಾನವನ್ನು ತೊಳೆಯಬೇಕಾದವನು ಎಂದು ಅರ್ಜುನನು ಉತ್ತರ ಕೊಡುತ್ತಾನೆ. ಎರಡನೆಯ ಸರ್ಗದಲ್ಲಿ ಅವನು ಒಂದು ಮಾತನ್ನೂ ಆಡಿರಲಿಲ್ಲ.